ಕಾರಿನ ವಯಸ್ಸು ಕೇಳಬೇಡಿ, ಸ್ಥಿತಿ ಕೇಳಿ

ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ನನ್ನ ಹತ್ತಿರ 2003ರ ಬಿಎಂಡಬ್ಲ್ಯೂ ಎಂ3 ಇದೆ. ಊರಲ್ಲಿ ದೊಡ್ಡಪ್ಪನ ಮಗ ಅಣ್ಣನ ಹತ್ತಿರ 2002ರ ಹೋಂಡಾ ಸಿಟಿ ವಿಟೆಕ್ ಇದೆ. ಬೆಲೆಯಲ್ಲಿ, ಶಕ್ತಿಯಲ್ಲಿ ಈ ಎರಡು ಕಾರುಗಳಿಗೆ ಹೋಲಿಕೆಯೇ ಇಲ್ಲ. ಆದರೆ ಎರಡೂ ತಮ್ಮ ತಮ್ಮ ಕಾಲದಲ್ಲಿ, ತಮ್ಮ ತಮ್ಮ ರಸ್ತೆಗಳಲ್ಲಿ ಓಟಕ್ಕೆ ಹೆಸರಾದವು. ಎರಡಕ್ಕೂ ಇಪ್ಪತ್ತು ದಾಟಿದೆ. ಎರಡೂ ಇವತ್ತಿಗೂ ಚೆನ್ನಾಗಿ ಓಡುತ್ತಿವೆ. ಅವನ್ನು ಹಾಗೆ ಉಳಿಸಿಕೊಳ್ಳಲು ನಾವಿಬ್ಬರು ಪಡುವ ಪಾಡು ಮಾತ್ರ ಬೇರೆ ಬೇರೆ. ಇಲ್ಲಿ ಕಾಗದಪತ್ರ ಪಕ್ಕಾ, ಕೈಕೆಲಸ ದುಬಾರಿ. ಅಲ್ಲಿ ಕೈಕೆಲಸಕ್ಕೆ ಸಾಟಿಯಿಲ್ಲ, ಕಾಗದಪತ್ರ ಅನ್ನುವುದೇ ಇಲ್ಲ.

ಎರಡೂ ಕಡೆಯ ರೀತಿಯನ್ನು ಹತ್ತಿರದಿಂದ ನೋಡುತ್ತಾ ಬಂದ ಮೇಲೆ ನನಗೆ ಒಂದು ವಿಷಯ ಖಚಿತವಾಗಿದೆ. ಒಂದು ಕಾರು ರಸ್ತೆಯಲ್ಲಿ ಇರಬೇಕೋ ಬೇಡವೋ ಅನ್ನುವುದನ್ನು ಅದರ ಇವತ್ತಿನ ಸ್ಥಿತಿ ನೋಡಿ ತೀರ್ಮಾನಿಸಬೇಕು. ಹುಟ್ಟಿದ ವರ್ಷ ನೋಡಿ ಅಲ್ಲ. ನಮ್ಮ ಕರ್ನಾಟಕದಲ್ಲಿ ಹಳೆಯ ಕಾರನ್ನು ಕಾಪಾಡುವ ಜಾಣ್ಮೆ ಬೇಕಾದಷ್ಟಿದೆ. ಆ ಜಾಣ್ಮೆಗೆ ಒಂದು ದಾಖಲೆ, ಒಂದು ಪ್ರಾಮಾಣಿಕ ಪರೀಕ್ಷೆ ಜೊತೆಯಾಗಬೇಕು ಅಷ್ಟೇ.

ಮೊದಲು ಸುಖದ ಮಾತು ಹೇಳುತ್ತೇನೆ. ಅದಿಲ್ಲದಿದ್ದರೆ ಇಷ್ಟೆಲ್ಲ ಒದ್ದಾಟ ಯಾಕೆ ಅನ್ನುವುದು ಅರ್ಥವಾಗುವುದಿಲ್ಲ.

ನನ್ನ ಎಂ3 ಇ46 ಅನ್ನುವ ತಲೆಮಾರಿನದು. ಇದು 2000ದಿಂದ 2006ರವರೆಗೆ ತಯಾರಾಯಿತು. 3.2 ಲೀಟರ್ ಎಂಜಿನ್, ಒಂದರ ಹಿಂದೆ ಒಂದು ಸಾಲಾಗಿ ನಿಂತ ಆರು ಸಿಲಿಂಡರ್, 343 ಅಶ್ವಶಕ್ತಿ. ಟರ್ಬೊ ಇಲ್ಲ. ಪ್ರತಿ ಸಿಲಿಂಡರಿಗೂ ಗಾಳಿ ಒಳಬಿಡುವ ಬೇರೆ ಬೇರೆ ಥ್ರಾಟಲ್ ಇದೆ. ಹಾಗಾಗಿ ಕಾಲು ಒತ್ತಿದ ಕ್ಷಣವೇ ಎಂಜಿನ್ ಉತ್ತರ ಕೊಡುತ್ತದೆ. ಈಗಿನ ಒಳ್ಳೆಯ ಎಲೆಕ್ಟ್ರಿಕ್ ಕಾರು ಸಿಗ್ನಲಿನಲ್ಲಿ ಇದನ್ನು ಸುಲಭವಾಗಿ ಹಿಂದೆ ಹಾಕುತ್ತದೆ, ಅದರ ಬಗ್ಗೆ ನನಗೆ ಬೇಸರವಿಲ್ಲ. ಎಂ3ಯ ಖುಷಿ ಇರುವುದು ಆ ವೇಗಕ್ಕೆ ತಲುಪುವ ದಾರಿಯಲ್ಲಿ. ಅದರ ಪೂರ್ತಿ ಶಕ್ತಿ ಸಿಗುವುದು 7,900 ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ ಅಷ್ಟು ಸುತ್ತು ತಿರುಗುವಾಗ. ಅಲ್ಲಿಯವರೆಗೆ ಗೇರ್ ಹಿಡಿದುಕೊಂಡು, ಸದ್ದು ಕೇಳಿಕೊಂಡು, ನಾವೇ ಅದನ್ನು ಏರಿಸಿಕೊಂಡು ಹೋಗಬೇಕು. ಶಕ್ತಿ ಪುಕ್ಕಟೆಯಾಗಿ ಬರುವುದಿಲ್ಲ, ಕೇಳಿ ಪಡೆಯಬೇಕು.

ಅದರ ಮೀಟರಿನಲ್ಲಿ ಒಂದು ಚಂದದ ಏರ್ಪಾಡಿದೆ. ಎಂಜಿನ್ ತಣ್ಣಗಿರುವಾಗ ಆರ್‌ಪಿಎಂ ಮುಳ್ಳಿನ ಸುತ್ತ ಪುಟ್ಟ ದೀಪಗಳು ಉರಿಯುತ್ತಿರುತ್ತವೆ. ಇಲ್ಲಿಂದ ಮೇಲೆ ಈಗಲೇ ಹೋಗಬೇಡ ಅಂತ ಅದರ ಸೂಚನೆ. ಆಯಿಲ್ ಬಿಸಿಯಾದಂತೆ ಒಂದೊಂದೇ ದೀಪ ಆರುತ್ತಾ ಹೋಗುತ್ತದೆ. ಎಲ್ಲ ಆರುವ ತನಕ ನಾನು ಮೆಲ್ಲಗೆ ಓಡಿಸುತ್ತೇನೆ. ಹೀಗೆ ಕಾಯುವುದೂ ನನಗೆ ಇಷ್ಟ. ಚಳಿಗಾಲದ ಬೆಳಿಗ್ಗೆ ಅದಕ್ಕೆ ಸಾಕಷ್ಟು ಹೊತ್ತು ಹಿಡಿಯುತ್ತದೆ. ಇಂಥ ಯಂತ್ರ ನಮ್ಮನ್ನು ಸ್ವಲ್ಪ ಶಿಸ್ತಿಗೆ ತರುತ್ತದೆ.

ವೇಲ್ಸ್‌ನಲ್ಲಿ ಎ4069 ಅನ್ನುವ ರಸ್ತೆ ಇದೆ. ಬ್ಲ್ಯಾಕ್ ಮೌಂಟನ್ ಬೆಟ್ಟವನ್ನು ಹತ್ತಿ ಇಳಿಯುತ್ತದೆ. ಸುತ್ತ ಕುರಿ, ಹುಲ್ಲು, ಗಾಳಿ ಬಿಟ್ಟರೆ ಏನೂ ಇಲ್ಲ. ಅಲ್ಲಿ ವೇಗದ ಮಿತಿಯೊಳಗೇ, ಎರಡು ಮತ್ತು ಮೂರನೇ ಗೇರಿನ ನಡುವೆ ಓಡಿಸಿದರೂ ಈ ಕಾರು ಪೂರ್ತಿ ಮಾತಾಡುತ್ತದೆ. ಸ್ಟೇರಿಂಗಿನಲ್ಲಿ ರಸ್ತೆಯ ಒರಟು ಕೈಗೆ ತಿಳಿಯುತ್ತದೆ. ಎಲೆಕ್ಟ್ರಿಕ್ ಮೋಟಾರ್ ಇಟ್ಟ ಈಗಿನ ಸ್ಟೇರಿಂಗುಗಳಲ್ಲಿ ನನಗೆ ಅದು ಸಿಕ್ಕಿಲ್ಲ.

ಅಣ್ಣನ ಸಿಟಿಗೆ 1.5 ಲೀಟರ್ ಎಂಜಿನ್, 106 ಅಶ್ವಶಕ್ತಿ. ಈಗ ಕೇಳಿದರೆ ಇಷ್ಟೇನಾ ಅನಿಸಬಹುದು. ಆದರೆ 2000ನೇ ಇಸವಿಯಲ್ಲಿ ಅದು ಬಂದಾಗ ನಮ್ಮ ರಸ್ತೆಗಳಲ್ಲಿ ಹೆಚ್ಚಿನವು ಮಾರುತಿ 800, ಅಂಬಾಸಿಡರ್, ಸುಮೊ ಗಾಡಿಗಳೇ. ಅವುಗಳ ನಡುವೆ ಈ ಹಗುರ, ತಗ್ಗು ಕಾರು ಆರ್‌ಪಿಎಂ ಏರಿದಂತೆ ಸದ್ದು ಬದಲಿಸಿ ಮುನ್ನುಗ್ಗುತ್ತಿತ್ತು. ಎಂಜಿನ್ನಿನ ಆರ್‌ಪಿಎಂ ಮೇಲಕ್ಕೆ ಏರಿದಾಗ ವಾಲ್ವುಗಳು ತೆರೆಯುವ ರೀತಿಯೇ ಬದಲಾಗುತ್ತದೆ, ವಿಟೆಕ್ ಅಂದರೆ ಅದು. ಚಾರ್ಮಾಡಿ ಘಾಟಿಯಲ್ಲಿ ಅಣ್ಣ ಓಡಿಸುವಾಗ ಪಕ್ಕದಲ್ಲಿ ಕೂತಿದ್ದೇನೆ. ಆ ತಿರುವುಗಳಿಗೆ 343 ಅಶ್ವಶಕ್ತಿ ಬೇಕಾಗಿಯೇ ಇಲ್ಲ. ಸಿಟಿಯೇ ಸಾಕು. ನಿಜ ಹೇಳಬೇಕೆಂದರೆ ಅಲ್ಲಿ ಸಿಟಿಯೇ ಚೆನ್ನ.

ಇನ್ನು ಕಷ್ಟದ ಮಾತು.

ಹಳೆಯ ಓಟದ ಕಾರಿನಲ್ಲಿ ಎಂಜಿನ್ನಿಗಿಂತ ಮೊದಲು ಸೋಲುವುದು ರಬ್ಬರ್. ಭಾಗಗಳು ಕೂಡುವ ಕಡೆ ಅದುರು ತಡೆಯುವ ಬುಷ್, ಹೋಸ್, ಸೀಲ್, ಬಾಗಿಲ ಬೀಡಿಂಗ್. ಕಾರು ಓಡಲಿ ಬಿಡಲಿ, ವರ್ಷ ಕಳೆದಂತೆ ರಬ್ಬರ್ ಗಟ್ಟಿಯಾಗಿ ಬಿರಿಯುತ್ತದೆ. ಆಮೇಲೆ ಪ್ಲಾಸ್ಟಿಕ್. ಕೂಲಂಟ್ ಟ್ಯಾಂಕ್, ವೈರಿಂಗಿನ ಕನೆಕ್ಟರುಗಳು ಮುಟ್ಟಿದರೆ ಮುರಿಯುವಂತಾಗುತ್ತವೆ. ಒಂದು ಕೆಲಸಕ್ಕೆ ಬಿಚ್ಚಿದರೆ ಅದರ ಅಕ್ಕಪಕ್ಕದ ನಾಲ್ಕು ಭಾಗಗಳಿಗೂ ವಯಸ್ಸಾಗಿರುವುದು ಕಾಣುತ್ತದೆ. ಜೊತೆಗೇ ಬದಲಿಸದಿದ್ದರೆ ಮತ್ತೆ ಬಿಚ್ಚಬೇಕು. ಬದಲಿಸಿದರೆ ಬಿಲ್ ಏರುತ್ತದೆ. ಇದಕ್ಕೆ ಕೊನೆ ಅನ್ನುವುದಿಲ್ಲ.

ಇಂಗ್ಲೆಂಡಿನಲ್ಲಿ ಇದರ ಜೊತೆ ಉಪ್ಪಿನ ಕಾಟ. ಚಳಿಗಾಲದಲ್ಲಿ ರಸ್ತೆ ಹಿಮಗಟ್ಟದಿರಲಿ ಅಂತ ಉಪ್ಪು ಎರಚುತ್ತಾರೆ. ಆ ಉಪ್ಪುನೀರು ಕಾರಿನ ತಳಕ್ಕೆ ಹೋಗಿ ತುಕ್ಕು ಹಿಡಿಸುತ್ತದೆ. ಅದಕ್ಕೇ ಇಲ್ಲಿ ತುಂಬ ಜನ ಇಂಥ ಕಾರನ್ನು ಚಳಿಗಾಲದಲ್ಲಿ ಹೊರಗೆ ತೆಗೆಯುವುದೇ ಇಲ್ಲ. ಕಾರು ರಸ್ತೆಗಿಳಿಯುವುದಿಲ್ಲ ಅಂತ ಸರ್ಕಾರಕ್ಕೆ ತಿಳಿಸುವ ಒಂದು ವ್ಯವಸ್ಥೆ ಇದೆ, ಸಾರ್ನ್ ಅನ್ನುತ್ತಾರೆ. ಅದನ್ನು ಮಾಡಿದರೆ ಆ ತಿಂಗಳುಗಳ ರಸ್ತೆ ತೆರಿಗೆ ಕಟ್ಟಬೇಕಿಲ್ಲ. ಮೊದಲೇ ಕಟ್ಟಿದ್ದರೆ ಉಳಿದ ಪೂರ್ತಿ ತಿಂಗಳುಗಳ ಹಣ ವಾಪಸು ಬರುತ್ತದೆ. ಓಡಿಸದ ತಿಂಗಳಿಗೆ ಹಣ ಬೇಡ. ಎಷ್ಟು ನ್ಯಾಯವಾದ ಯೋಚನೆ ಅಲ್ವಾ? ನಮ್ಮಲ್ಲಿ ಕಾರಿನ ತೆರಿಗೆಯನ್ನು ಕೊಳ್ಳುವಾಗಲೇ ಒಟ್ಟಿಗೆ ಕಟ್ಟಿಸಿಕೊಳ್ಳುತ್ತಾರೆ. ಶೆಡ್ಡಿನಲ್ಲಿ ನಿಂತ ಕಾರಿಗೂ ಒಂದೇ, ದಿನವೂ ನೂರಾರು ಕಿಲೋಮೀಟರ್ ಓಡುವ ಕಾರಿಗೂ ಒಂದೇ.

ಹಾಗಂತ ಬ್ರಿಟನ್ನಿನ ನಿಯಮಗಳೆಲ್ಲ ಸರಿ ಅಂತಲ್ಲ. ಇಲ್ಲೂ ತಾರೀಖಿನ ಹಟ ಇದೆ. ನನ್ನ ಎಂ3ಯ ಕಾಲದ ಕಾರುಗಳಿಗೆ ತೆರಿಗೆ ಹಾಕುವುದು ಅವು ಬಿಡುವ ಇಂಗಾಲದ ಡೈಆಕ್ಸೈಡ್ ಲೆಕ್ಕದ ಮೇಲೆ. ಎಂ3 ಧಾರಾಳವಾಗಿ ಬಿಡುತ್ತದೆ. ಆದರೆ 2006ರ ಮಾರ್ಚ್ 23ಕ್ಕಿಂತ ಮೊದಲು ನೋಂದಣಿಯಾದ ಕಾರಿಗೆ ಒಂದು ಮೇಲ್ಮಿತಿ ಇದೆ, ವರ್ಷಕ್ಕೆ 400 ಪೌಂಡಿನ ಆಸುಪಾಸು. ಅದೇ ಕಾರು, ಅದೇ ಎಂಜಿನ್, ಆ ತಾರೀಖಿನ ನಂತರ ನೋಂದಣಿಯಾಗಿದ್ದರೆ ತೆರಿಗೆ 700 ಪೌಂಡ್ ದಾಟುತ್ತದೆ. ಎರಡೂ ಬಿಡುವ ಹೊಗೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನನಗೆ ಇದರಿಂದ ಲಾಭವೇ ಆಗಿದೆ, ಆದರೂ ಇದು ಸರಿಯಲ್ಲ.

ಇಲ್ಲಿ ನಾನು ಮನಸಾರೆ ಮೆಚ್ಚುವುದು ಎಂಒಟಿ ಅನ್ನುವ, ಕಾರು ರಸ್ತೆಗೆ ಯೋಗ್ಯವೋ ಅಲ್ಲವೋ ಅಂತ ನೋಡುವ ಪರೀಕ್ಷೆಯನ್ನು. 1960ರಲ್ಲಿ ಶುರುವಾದಾಗ ಅದು ಹತ್ತು ವರ್ಷ ದಾಟಿದ ಕಾರುಗಳಿಗೆ ಮಾತ್ರ ಇತ್ತು. ಬ್ರೇಕು, ದೀಪ, ಸ್ಟೇರಿಂಗ್ ನೋಡುತ್ತಿದ್ದರು. ಈಗ ಕಾರಿಗೆ ಮೂರು ವರ್ಷವಾದ ಮೇಲೆ ಪ್ರತಿ ವರ್ಷ ಮಾಡಿಸಬೇಕು. ಕಾರಿಗೆ ಗರಿಷ್ಠ ಶುಲ್ಕ 54.85 ಪೌಂಡ್. ಪರವಾನಗಿ ಇರುವ ಯಾವ ಗ್ಯಾರೇಜಿನಲ್ಲಾದರೂ ಮಾಡಿಸಬಹುದು. ಲಿಫ್ಟಿನ ಮೇಲೆ ಎತ್ತಿ ತಳದ ತುಕ್ಕು ನೋಡುತ್ತಾರೆ. ಬ್ರೇಕನ್ನು ರೋಲರ್ ಮೇಲೆ ಅಳೆಯುತ್ತಾರೆ. ಹೊಗೆ ಅಳೆಯುತ್ತಾರೆ. ಬುಷ್, ಬಾಲ್ ಜಾಯಿಂಟ್‌ಗಳನ್ನು ಸಲಾಕೆ ಹಾಕಿ ಅಲ್ಲಾಡಿಸಿ ನೋಡುತ್ತಾರೆ. ಅಪಾಯದ ದೋಷ, ದೊಡ್ಡ ದೋಷ, ಸಣ್ಣ ದೋಷ ಅಂತ ಬೇರೆ ಬೇರೆ ಬರೆಯುತ್ತಾರೆ. ಮೊದಲ ಎರಡು ಇದ್ದರೆ ಫೇಲ್. ಇನ್ನೊಂದು ಸಾಲು ಇರುತ್ತದೆ, ಅಡ್ವೈಸರಿ ಅಂತ. ಈಗ ಪಾಸು, ಆದರೆ ಈ ಬುಷ್ ಸವೆಯುತ್ತಿದೆ, ಕಣ್ಣಿಟ್ಟಿರಿ ಅನ್ನುವ ಎಚ್ಚರಿಕೆ. ನಾನು ಮೊದಲು ಓದುವುದೇ ಆ ಸಾಲನ್ನು.

ಈ ಫಲಿತಾಂಶ ಎಲ್ಲರಿಗೂ ತೆರೆದಿಟ್ಟ ದಾಖಲೆ. ನಂಬರ್ ಪ್ಲೇಟ್ ಸಂಖ್ಯೆ ಹಾಕಿದರೆ ಸಾಕು, ಸರ್ಕಾರದ ಜಾಲತಾಣದಲ್ಲಿ 2005ರಿಂದ ಈಚಿನ ಪರೀಕ್ಷೆಗಳ ವಿವರ ಬರುತ್ತದೆ. ಯಾವ ವರ್ಷ ಯಾಕೆ ಫೇಲಾಯಿತು, ಆಗ ಮೀಟರಿನಲ್ಲಿ ಎಷ್ಟು ಮೈಲಿ ಇತ್ತು, ಎಲ್ಲ. ದುಡ್ಡಿಲ್ಲ, ಅರ್ಜಿಯಿಲ್ಲ. ಹಾಗಾಗಿ ಮೀಟರ್ ಹಿಂದಕ್ಕೆ ತಿರುಗಿಸಿ ಮಾರುವುದು ಇಲ್ಲಿ ಕಷ್ಟ. ತುಕ್ಕನ್ನು ಪೇಂಟಿನಲ್ಲಿ ಮುಚ್ಚಿ ಮಾರುವುದೂ ಕಷ್ಟ. ಕಾರು ನೋಡಲು ಹೋಗುವ ಮೊದಲೇ ಅದರ ಅರ್ಧ ಜಾತಕ ನಮ್ಮ ಕೈಯಲ್ಲಿರುತ್ತದೆ.

ಉಳಿದರ್ಧ ಫೈಲಿನಲ್ಲಿರುತ್ತದೆ. ಇಲ್ಲಿ ಹಳೆಯ ಕಾರಿನ ಜೊತೆ ಒಂದು ದಪ್ಪ ಫೈಲ್ ಕೈ ಬದಲಾಗುತ್ತದೆ. ಹಿಂದಿನ ಮಾಲೀಕರು ಮಾಡಿಸಿದ ಕೆಲಸದ ಒಂದೊಂದು ಬಿಲ್ಲೂ ಅದರಲ್ಲಿ. ಇ46 ಎಂ3ಯಲ್ಲಿ ವಯಸ್ಸಾದ ಮೇಲೆ ನೋಡಲೇಬೇಕಾದ ಮೂರು ಜಾಗಗಳಿವೆ ಅನ್ನುವುದು ಈ ಕಾರಿನ ಬಗ್ಗೆ ತಿಳಿದವರಿಗೆಲ್ಲ ಗೊತ್ತು. ಕನೆಕ್ಟಿಂಗ್ ರಾಡಿನ ಬೇರಿಂಗುಗಳು, ವಾಲ್ವಿನ ಸಮಯ ಬದಲಿಸುವ ವ್ಯಾನೋಸ್, ಮತ್ತು ಹಿಂದಿನ ಚಕ್ರಗಳ ಜೋಡಣೆಯನ್ನು ಹೊರುವ ಸಬ್‌ಫ್ರೇಮ್ ಕೂರುವ ಕಡೆ ತಳದ ತಗಡು. ಇವು ಸರಿಯಾಗಿವೆಯೋ ಇಲ್ಲವೋ ಹೊರಗಿನಿಂದ ತಿಳಿಯುವುದಿಲ್ಲ. ನನ್ನ ಕಾರಿನ ಫೈಲಿನಲ್ಲಿ ಮೂರಕ್ಕೂ ಬಿಲ್ ಇದೆ, ಮುಂಜಾಗ್ರತೆಯಾಗಿ ಮಾಡಿಸಿದ್ದು. ತಗಡಿಗೆ ಬಲ ಕೊಟ್ಟ ವೆಲ್ಡಿಂಗಿನ ಫೋಟೊಗಳೂ ಇವೆ. ನಾನು ಆ ಮಾಲೀಕರನ್ನು ನೋಡಿಲ್ಲ. ಆದರೆ ಅವರು ಎಷ್ಟು ಮುತುವರ್ಜಿಯ ಮನುಷ್ಯ ಅಂತ ಆ ಫೈಲ್ ನೋಡಿದರೆ ಗೊತ್ತಾಗುತ್ತದೆ. ಆ ಕಾಗದಗಳಿಗೆ ನಾನು ಜಾಸ್ತಿ ಹಣ ಕೊಟ್ಟೆ. ಖುಷಿಯಿಂದಲೇ ಕೊಟ್ಟೆ.

ಈಗ ಅಣ್ಣನ ಕಡೆ ಬರೋಣ. ಅವನ ಸಿಟಿಗೆ ಫೈಲ್ ಇಲ್ಲ. ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಚೀಟಿ, ಮುಗಿಯಿತು. ಆದರೆ ಅವನಿಗೆ ಭಾಯ್ ಇದ್ದಾರೆ. ಊರಿನ ಮೆಕ್ಯಾನಿಕ್. ಎಂಜಿನ್ ಸದ್ದು ಕೇಳಿಯೇ ಯಾವ ಟ್ಯಾಪೆಟ್ ಸಡಿಲ ಅಂತ ಹೇಳುವವರು. ಒಮ್ಮೆ ನಾನು ಊರಲ್ಲಿದ್ದಾಗ ಮುಂದಿನ ಚಕ್ರವನ್ನು ಹಿಡಿದಿಡುವ ಲೋವರ್ ಆರ್ಮಿನ ಬುಷ್ ಹೋಗಿತ್ತು. ಸ್ಪೇರ್ ಸಿಗುತ್ತಿರಲಿಲ್ಲ. "ಭಾಯ್, ಏನಾದರೂ ಮಾಡೋಕಾಗುತ್ತಾ?" ಅಂತ ಅಣ್ಣ ಕೇಳಿದ. "ಬಿಡಿ ಸಾರ್, ನಾಳೆ ಸಂಜೆ ಬನ್ನಿ" ಅಂದರು. ಆರ್ಮ್ ಬಿಚ್ಚಿ ಪಕ್ಕದ ಲೇತ್ ಅಂಗಡಿಗೆ ಒಯ್ದರು. ಹಳೆಯ ಬುಷ್ಷನ್ನು ಪ್ರೆಸ್ಸಿನಲ್ಲಿ ಒತ್ತಿ ತೆಗೆಸಿದರು. ಅದೇ ಅಳತೆಗೆ ಬೇರೊಂದು ಕಾರಿನ ಬುಷ್ ಹುಡುಕಿ, ಅದರ ಹೊರಗಿನ ಉಕ್ಕಿನ ತೋಳನ್ನು ಲೇತಿನಲ್ಲಿ ಕೂದಲಿನಷ್ಟು ತೆಳುಮಾಡಿಸಿ ಕೂರಿಸಿದರು. ಕಾರು ಮತ್ತೆ ನೆಟ್ಟಗೆ ಓಡಿತು.

ಇಲ್ಲಿ ಇದೇ ಕೆಲಸಕ್ಕೆ ಹೆಚ್ಚಿನ ಗ್ಯಾರೇಜುಗಳು ಆರ್ಮನ್ನೇ ಪೂರ್ತಿ ಬದಲಿಸುತ್ತವೆ. ಅವರನ್ನು ದೂರುವುದಕ್ಕೂ ಆಗುವುದಿಲ್ಲ. ಕೂಲಿ ಗಂಟೆಗೆ ನೂರು ಪೌಂಡಿನ ಹತ್ತಿರ ಇರುವಾಗ ಕೂತು ಸರಿಮಾಡುವುದಕ್ಕಿಂತ ಹೊಸದು ಹಾಕುವುದೇ ಅಗ್ಗ. ಇದನ್ನು ಹೇಳಿದಾಗ ಅಣ್ಣ ಫೋನಿನಲ್ಲೇ ದಂಗಾದ. "ಏನೋ, ಅಲ್ಲಿ ಒಂದು ನಟ್ ಬಿಚ್ಚೋಕೆ ನಮ್ಮ ಭಾಯ್‌ಗೆ ವಾರಕ್ಕೆ ಕೊಡೋ ದುಡ್ಡು ಬೇಕಾ?" ಅಂದ. ಹೆಚ್ಚುಕಡಿಮೆ ಹೌದು ಅಣ್ಣ ಅಂದೆ.

ಲೇತ್ ಅಂಗಡಿಯ ಜಾಣ್ಮೆಗೂ ಒಂದು ಗಡಿ ಇರಬೇಕು. ಬ್ರೇಕ್, ಸ್ಟೇರಿಂಗ್ ವಿಷಯದಲ್ಲಿ ಹೇಗೋ ಹೊಂದಿಸಿಬಿಡುವುದು ನನಗೆ ಒಪ್ಪಿಗೆಯಿಲ್ಲ. ಸಿಟಿಯಂಥ ಹಗುರ ಕಾರು ಜೋರಾಗಿ ಓಡುತ್ತದೆ. ಓಡುವ ಕಾರು ನಿಲ್ಲಲೂ ಬೇಕು. ಡೂಪ್ಲಿಕೇಟ್ ಬ್ರೇಕ್ ಪ್ಯಾಡ್ ಹಾಕಿ ಘಾಟಿ ಇಳಿಯುವುದಕ್ಕಿಂತ ಕಾರು ಶೆಡ್ಡಿನಲ್ಲಿ ತಿಂಗಳು ನಿಂತರೂ ಪರವಾಗಿಲ್ಲ. ಭಾಯ್ ಕೂಡ ಇದನ್ನೇ ಹೇಳುತ್ತಾರೆ. ಆದರೆ ಎಲ್ಲ ಅಂಗಡಿಯವರೂ ಹೇಳುವುದಿಲ್ಲ, ಎಲ್ಲ ಮಾಲೀಕರೂ ಕೇಳುವುದಿಲ್ಲ. ಸರಿಯಾದ ವಾರ್ಷಿಕ ಪರೀಕ್ಷೆ ಬೇಕು ಅನ್ನುವುದು ಇದಕ್ಕೇ. ಒಳ್ಳೆಯ ರಿಪೇರಿಯನ್ನೂ ಕೆಟ್ಟ ರಿಪೇರಿಯನ್ನೂ ಬೇರ್ಪಡಿಸುವ ಒಂದು ಕಣ್ಣು ನಡುವೆ ಇರಬೇಕು.

ನನ್ನನ್ನು ಕಾಡುವ ಇನ್ನೊಂದು ವ್ಯತ್ಯಾಸ ಇದೆ. ಇದು ಕಾನೂನಿನದ್ದಲ್ಲ, ನಮ್ಮ ಮನಸ್ಸಿನದ್ದು. ಇಲ್ಲಿ ಶನಿವಾರ ಬಂದರೆ ವಕೀಲರು, ಶಾಲೆಯ ಮೇಷ್ಟ್ರು, ಬ್ಯಾಂಕಿನವರು ತಮ್ಮ ಕಾರಿನ ಕೆಳಗೆ ತಾವೇ ಮಲಗಿರುತ್ತಾರೆ. ಆಯಿಲ್ ಬದಲಿಸುತ್ತಾರೆ, ಬ್ರೇಕ್ ಬಿಚ್ಚುತ್ತಾರೆ, ಪಕ್ಕದ ಮನೆಯವರಿಂದ ಟಾರ್ಕ್ ರೆಂಚ್ ಕೇಳಿ ತರುತ್ತಾರೆ. ಕೈಗೆ ಗ್ರೀಸ್ ಮೆತ್ತಿದರೆ ಯಾರೂ ಕೀಳಾಗಿ ನೋಡುವುದಿಲ್ಲ. ನಮ್ಮಲ್ಲಿ ಓದಿದವನು ಸ್ಪಾನರ್ ಹಿಡಿದರೆ ಮನೆಯವರೇ "ಅದಕ್ಕೆ ಜನ ಇದ್ದಾರಲ್ಲ, ನಿನಗ್ಯಾಕೆ?" ಅನ್ನುತ್ತಾರೆ. ಹಾಗಾಗಿ ಕಾರಿನ ತಿಳಿವಳಿಕೆ ಎಲ್ಲ ಭಾಯ್‌ಯಂಥವರ ತಲೆಯಲ್ಲೇ ಉಳಿದುಬಿಟ್ಟಿದೆ. ಅದನ್ನು ಯಾರೂ ಬರೆದಿಡುವುದಿಲ್ಲ. ಬರೆದಿಡುವಷ್ಟು ದೊಡ್ಡದು ಅಂತ ನಾವು ತಿಳಿದೇ ಇಲ್ಲ. ಭಾಯ್ ಮಗ ಬೆಂಗಳೂರಿನಲ್ಲಿ ಬೇರೆ ಕೆಲಸದಲ್ಲಿದ್ದಾನೆ. ಭಾಯ್ ಕೆಲಸ ನಿಲ್ಲಿಸಿದ ದಿನ ಆ ಅಳತೆಗಳು, ಯಾವ ಕಾರಿನ ಯಾವ ಭಾಗ ಯಾವುದಕ್ಕೆ ಕೂರುತ್ತದೆ ಅನ್ನುವ ಆ ಲೆಕ್ಕ, ಎಲ್ಲ ಅವರ ಜೊತೆಗೇ ಹೋಗುತ್ತವೆ.

ಇಂಗ್ಲೆಂಡಿನ ಬಿಸೆಸ್ಟರ್‌ನಲ್ಲಿ ಒಂದು ಹಳೆಯ ವಾಯುಪಡೆ ನೆಲೆ ಇದೆ. ಅದರ ಕಟ್ಟಡಗಳಲ್ಲಿ ಈಗ ಹಳೆಯ ವಾಹನಗಳ ವರ್ಕ್‌ಶಾಪ್‌ಗಳಿವೆ. ಅಲ್ಲೇ ಹುಡುಗ ಹುಡುಗಿಯರಿಗೆ ಹಳೆಯ ಕಾರು ಸರಿಪಡಿಸುವ ವಿದ್ಯೆಯನ್ನು ಅಪ್ರೆಂಟಿಸ್‌ಗಳಾಗಿ ಕಲಿಸುತ್ತಾರೆ. ನನ್ನೂರು ಕೊವೆಂಟ್ರಿಯಲ್ಲಿ ಕಾರಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿವೆ. ಜಾಗ್ವಾರ್‌ನ ಬ್ರೌನ್ಸ್ ಲೇನ್‌ನಲ್ಲಿ 2005ರಲ್ಲಿ ಕಾರು ತಯಾರಿ ನಿಂತಿತು. ಆದರೂ ಆ ಕೈಗಳ ಕೌಶಲ ಹಾಗೇ ಕರಗಿಹೋಗಬಾರದು ಅನ್ನುವ ಕಾಳಜಿ ಈ ನಾಡಿನಲ್ಲಿದೆ. ನಮ್ಮ ಲೇತ್ ಅಂಗಡಿಗಳಿಗೆ, ಬೆಂಗಳೂರಿನ ಜೆಸಿ ರಸ್ತೆಯ ಸಂದಿಗಳಲ್ಲಿ ಕೂತು ಕೆಲಸ ಮಾಡುವವರಿಗೆ ಅಂಥ ಒಂದು ಮನ್ನಣೆ ಯಾಕಿಲ್ಲ? ನಮ್ಮ ಐಟಿಐಗಳಲ್ಲಿ ಭಾಯ್‌ಯಂಥ ಒಬ್ಬರನ್ನು ಕರೆಸಿ ವಾರಕ್ಕೊಂದು ದಿನ ಪಾಠ ಮಾಡಿಸಿದರೆ ಹುಡುಗರು ಎಷ್ಟು ಕಲಿಯುತ್ತಾರೆ!

ಹಳೆಯದನ್ನು ಪ್ರೀತಿಸುವ ಗುಣ ನಮಗೆ ಹೊಸದೇನಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅಲ್ಲಿ ಹುಟ್ಟಿದ ಜಾವಾ, ಯೆಜ್ಡಿಗಳನ್ನು ಜನ ಇನ್ನೂ ಓಡಿಸುತ್ತಿದ್ದಾರೆ. ಒಳ್ಳೆಯ ಯಮಹಾ ಆರ್‌ಎಕ್ಸ್ 100 ಬೈಕ್ ಸಿಗುತ್ತದೆ ಅಂದರೆ ಎಷ್ಟು ದೂರವಾದರೂ ಹೋಗುವ ಹುಡುಗರಿದ್ದಾರೆ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದ ಹಳೆಯ ಕಾರುಗಳನ್ನು ನೋಡಿ ಬಂದವರು ಎಷ್ಟೋ ಜನ. ಚಿಕ್ಕಮಗಳೂರಿನ ಕಾಫಿ ತೋಟದ ದಾರಿಗಳಲ್ಲಿ ರ‍್ಯಾಲಿ ನಡೆದರೆ ಬೇಲಿ ಪಕ್ಕ ಜನ ಕಾದು ನಿಲ್ಲುತ್ತಾರೆ. ಪ್ರೀತಿ ಇದೆ. ಅದಕ್ಕೆ ಹೊಂದುವ ಕಾನೂನು ಇಲ್ಲ.

ಕಾನೂನು ಹೇಗಿದೆ ನೋಡಿ. ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ಅಣ್ಣನ ಕಾರು 2002ರ ನವೆಂಬರಿನದು. 2017ರಲ್ಲಿ ನವೀಕರಣದ ಕೇಂದ್ರ ಶುಲ್ಕ 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ ಅದು 5,000 ಆಯಿತು. 2025ರಲ್ಲಿ ಇಪ್ಪತ್ತು ವರ್ಷ ದಾಟಿದ ಕಾರಿಗೆ 10,000 ಮಾಡಿದರು. ಮೇಲೆ ರಾಜ್ಯದ ಹಸಿರು ತೆರಿಗೆ ಬೇರೆ. ಹಣ ಕೊಡಬಹುದು, ಅದು ದೊಡ್ಡ ಮಾತಲ್ಲ. ಹಣಕ್ಕೆ ತಕ್ಕ ಪರೀಕ್ಷೆ ಎಲ್ಲಿದೆ? ನಾನು ಅಣ್ಣನ ಜೊತೆ ಹೋಗಿದ್ದ ಒಂದು ಕಚೇರಿಯ ಅಂಗಳದಲ್ಲಿ ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ತೆಗೆದರು, ಲೈಟ್ ಹಾಕಿಸಿದರು, ಹಾರ್ನ್ ಒತ್ತಿಸಿದರು. ಯಾರೂ ಕಾರಿನ ಕೆಳಗೆ ಬಗ್ಗಿ ನೋಡಲಿಲ್ಲ. ಪಕ್ಕದಲ್ಲಿ ಟೈರು ಸವೆದು ನೂಲು ಕಾಣುತ್ತಿದ್ದ ಇನ್ನೊಂದು ಕಾರಿಗೂ ಅದೇ ಪೆನ್ಸಿಲ್, ಅದೇ ಹಾರ್ನ್. ಭಾಯ್ ಪಟ್ಟ ಶ್ರಮಕ್ಕೂ ಆ ಮನುಷ್ಯನ ಅಸಡ್ಡೆಗೂ ಒಂದೇ ಅಂಕ ಬಿತ್ತು. ಅವತ್ತು ನನಗೆ ತುಂಬ ಬೇಜಾರಾಯಿತು.

2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನಿಯಮ ತಂದಿತು. ಬೇರೆ ನಂಬರ್, ಹತ್ತು ವರ್ಷದ ನೋಂದಣಿ. ಒಳ್ಳೆಯದೇ. ಆದರೆ ಅದು 50 ವರ್ಷ ದಾಟಿದವಕ್ಕೆ ಮಾತ್ರ. ಹದಿನೈದರಿಂದ ಐವತ್ತರ ನಡುವೆ ಇರುವ ಕಾರಿಗೆ ಯಾರೂ ದಿಕ್ಕಿಲ್ಲ. ಆ ನಡುವಿನ ಮೂವತ್ತೈದು ವರ್ಷ ಬದುಕಿದ್ದರೆ ತಾನೇ ಅದು ವಿಂಟೇಜ್ ಆಗುವುದು? ಮೊದಲ ಸಿಟಿ ವಿಟೆಕ್, ಪಾಲಿಯೊ 1.6, ಆಕ್ಟೇವಿಯಾ ವಿಆರ್‌ಎಸ್. ನಮ್ಮ ಒಂದು ತಲೆಮಾರಿಗೆ ಓಟದ ರುಚಿ ಹತ್ತಿಸಿದ ಕಾರುಗಳು ಇವು. ಹೀಗೇ ಬಿಟ್ಟರೆ ಗುಜರಿಗೆ ಹೋಗಿ ತಗಡಾಗುತ್ತವೆ. ಬ್ರಿಟನ್ನಿನಲ್ಲಿ 40 ವರ್ಷಕ್ಕೇ ಕಾರು ಐತಿಹಾಸಿಕ ಅನಿಸಿಕೊಳ್ಳುತ್ತದೆ, ರಸ್ತೆ ತೆರಿಗೆಯೂ ಇಲ್ಲವಾಗುತ್ತದೆ. ಅಲ್ಲಿಗೆ ಮುಟ್ಟುವ ತನಕ ಪ್ರತಿ ವರ್ಷದ ಎಂಒಟಿ ಅದನ್ನು ಕೈಹಿಡಿದು ನಡೆಸುತ್ತದೆ.

ಹೊಗೆಯ ಮಾತನ್ನು ನಾನು ತಪ್ಪಿಸಿಕೊಳ್ಳುವುದಿಲ್ಲ. ಹಳೆಯ ಕಾರು ಕಿಲೋಮೀಟರಿಗೆ ಹೊಸದಕ್ಕಿಂತ ಜಾಸ್ತಿ ಹೊಗೆ ಬಿಡುತ್ತದೆ. ಊರಿನ ಗಾಳಿ ಎಲ್ಲರದು. ಆದರೆ ಅದಕ್ಕೂ ಎರಡು ದಾರಿಗಳಿವೆ. ದೆಹಲಿಯಲ್ಲಿ ಪೆಟ್ರೋಲ್ ಕಾರಿಗೆ 15, ಡೀಸೆಲ್‌ಗೆ 10 ವರ್ಷ ಅಂತ ಗೆರೆ ಎಳೆದು ವರ್ಷಗಟ್ಟಲೆ ಜಗಳವಾಯಿತು. ಲಂಡನ್ನಿನಲ್ಲಿ 2023ರ ಆಗಸ್ಟ್‌ನಿಂದ ಇಡೀ ನಗರಕ್ಕೆ ಹೊಗೆಯ ನಿಯಮ ಇದೆ. ಪೆಟ್ರೋಲ್ ಕಾರು ಯುರೋಪಿನ ಹೊಗೆ ಮಾನದಂಡದ ಯೂರೋ 4 ಮಟ್ಟ ಮುಟ್ಟಿರಬೇಕು. ಇಲ್ಲದಿದ್ದರೆ ಓಡಿಸಿದ ದಿನಕ್ಕೆ 12.50 ಪೌಂಡ್ ಕಟ್ಟಬೇಕು. ಹಳೆಯ ಕಾರಾದರೂ ಆ ಮಟ್ಟ ಮುಟ್ಟಿದ್ದರೆ ಶುಲ್ಕವಿಲ್ಲ. ಮುಟ್ಟದಿದ್ದರೂ ಮನೆಯಲ್ಲಿಟ್ಟು ಭಾನುವಾರ ಊರಾಚೆ ಓಡಿಸುವವನಿಗೆ ಯಾರೂ ಅದನ್ನು ಗುಜರಿಗೆ ಹಾಕು ಅನ್ನುವುದಿಲ್ಲ. ಬಳಸಿದ್ದಕ್ಕೆ ಬೆಲೆ ಕೊಡು ಅನ್ನುತ್ತಾರೆ. ನನಗೆ ಈ ದಾರಿಯೇ ಸರಿ ಅನಿಸುತ್ತದೆ.

ಪೆಟ್ರೋಲ್ ವಿಷಯದಲ್ಲಂತೂ ನಮ್ಮ ಜನರಿಗೆ ಅನ್ಯಾಯವಾಗಿದೆ ಅಂತ ನೇರವಾಗಿಯೇ ಹೇಳುತ್ತೇನೆ. ಇಲ್ಲಿ 2021ರಲ್ಲಿ ಸಾಮಾನ್ಯ ಪೆಟ್ರೋಲಿಗೆ 10 ಶೇಕಡಾದವರೆಗೆ ಎಥನಾಲ್ ಬೆರೆಸಲು ಶುರುಮಾಡಿದರು. ಆದರೆ ಹಳೆಯ ವಾಹನಗಳಿಗೆಂದೇ 5 ಶೇಕಡಾ ಮಿತಿಯ ಸೂಪರ್ ಪೆಟ್ರೋಲನ್ನು ಬಂಕಿನಲ್ಲಿ ಉಳಿಸಿದರು. ದುಡ್ಡು ಜಾಸ್ತಿ, ಆದರೆ ಆಯ್ಕೆ ಇದೆ. ನಮ್ಮಲ್ಲಿ ಎಥನಾಲ್ 20 ಶೇಕಡಾಕ್ಕೆ ಏರಿದೆ. ಸಣ್ಣ ಊರಿನ ಬಂಕಿನಲ್ಲಿ ಬೇರೆ ಪೆಟ್ರೋಲ್ ಸಿಗುವುದೇ ಕಷ್ಟ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ಅದನ್ನು ಲೆಕ್ಕಕ್ಕಿಟ್ಟು ಮಾಡದ ಹಳೆಯ ಹೋಸ್, ಸೀಲ್‌ಗಳಿಗೆ ಅದು ಒಳ್ಳೆಯದಲ್ಲ. ಅಣ್ಣ ಈಗ ಸಿಟಿಯ ಪೆಟ್ರೋಲ್ ಹೋಸ್‌ಗಳನ್ನೆಲ್ಲ ಎಥನಾಲ್ ತಡೆಯುವಂಥದಕ್ಕೆ ಬದಲಿಸಿದ್ದಾನೆ. ಕಾರನ್ನು ವಾರಗಟ್ಟಲೆ ನಿಲ್ಲಿಸುವಾಗ ಟ್ಯಾಂಕಿನಲ್ಲಿ ಗಾಳಿಗೆ ಹೆಚ್ಚು ಜಾಗವಿರದಂತೆ ತುಂಬಿಸಿ ಇಡುತ್ತಾನೆ. ಹಳೆಯ ಕಾರಿದ್ದವರು ಈ ಎರಡನ್ನು ಇವತ್ತೇ ಮಾಡಿ.

ಎಂ3ಯನ್ನು ಊರಿಗೇ ತಂದುಬಿಡು ಅಂತ ಅಣ್ಣ ಆಗಾಗ ಹೇಳುತ್ತಾನೆ. ಆಗುವುದಿಲ್ಲ. ಭಾರತಕ್ಕೆ ಬಳಸಿದ ಕಾರು ತರಬೇಕಾದರೆ ಅದು ತಯಾರಾಗಿ ಮೂರು ವರ್ಷದೊಳಗಿರಬೇಕು. ಮೇಲೆ ಕಾರಿನ ಬೆಲೆಯನ್ನೂ ಮೀರುವ ಸುಂಕ. ಅದನ್ನು ಇಲ್ಲೇ ಬಿಟ್ಟು ಬರಬೇಕಾದ ದಿನ ಬಂದರೆ ಫೈಲ್ ಸಮೇತ ಇನ್ನೊಬ್ಬರ ಕೈಗೆ ಕೊಡುತ್ತೇನೆ. ನಾನು ಸೇರಿಸಿದ ಬಿಲ್ಲುಗಳೂ ಅದರಲ್ಲಿರುತ್ತವೆ.

ನಾನು ಕೇಳುವುದು ದೊಡ್ಡದೇನಲ್ಲ. ನಮ್ಮಲ್ಲಿ ವಾಹನ್ ಅನ್ನುವ, ಸರ್ಕಾರದ ವಾಹನ ನೋಂದಣಿಯ ದತ್ತಾಂಶ ಆಗಲೇ ಇದೆ. ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದರೆ ನೋಂದಣಿ, ಇನ್ಶೂರೆನ್ಸ್, ಎಮಿಷನ್ ಅವಧಿ ಎಲ್ಲ ಬರುತ್ತದೆ. ಅದಕ್ಕೆ ಎರಡು ಸಾಲು ಸೇರಿಸಿ. ಎಮಿಷನ್ ಟೆಸ್ಟ್ ಮಾಡಿಸಿದಾಗ ಮೀಟರಿನಲ್ಲಿದ್ದ ಕಿಲೋಮೀಟರ್ ಒಂದು. ಪರೀಕ್ಷೆಯಲ್ಲಿ ಕಂಡ ದೋಷಗಳು ಇನ್ನೊಂದು. ಯಂತ್ರದಿಂದ ಪರೀಕ್ಷೆ ಮಾಡುವ ಕೇಂದ್ರಗಳನ್ನು ಸರ್ಕಾರ ಹೇಗೂ ಕಟ್ಟಿಸುತ್ತಿದೆ. ಹದಿನೈದು ದಾಟಿದ ಕಾರನ್ನು ಐದು ವರ್ಷಕ್ಕೊಮ್ಮೆ ಹಾರ್ನ್ ಒತ್ತಿ ಬಿಡುವ ಬದಲು, ಪ್ರತಿ ವರ್ಷ ಅಲ್ಲಿ ಬ್ರೇಕು, ತಳ, ಹೊಗೆ ಅಳೆಯಿರಿ. ಪಾಸಾದ ಕಾರಿಗೆ ವಯಸ್ಸಿನ ದಂಡ ಬೇಡ. ಫೇಲಾದದ್ದು ಐದೇ ವರ್ಷದ್ದಾದರೂ ರಸ್ತೆಗೆ ಬೇಡ.

ಸಿಟಿಯ ನೋಂದಣಿ 2027ರ ನವೆಂಬರಿನಲ್ಲಿ ಮತ್ತೆ ನವೀಕರಣಕ್ಕೆ ಬರುತ್ತದೆ. ಅಣ್ಣ ಒಂದು ಫೈಲ್ ಶುರುಮಾಡಿದ್ದಾನೆ. ಭಾಯ್ ಮೊದಲು "ಇದೆಲ್ಲ ಯಾಕೆ ಸಾರ್?" ಅಂದರಂತೆ. ಈಗ ಮಾಡಿದ ಕೆಲಸ, ಹಾಕಿದ ಬುಷ್ಷಿನ ಅಳತೆ, ತಾರೀಖು, ಕಿಲೋಮೀಟರ್ ಬರೆದು ತಾವೇ ಸಹಿ ಹಾಕಿ ಕೊಡುತ್ತಾರೆ. ಆ ಫೈಲನ್ನು ಇನ್‌ಸ್ಪೆಕ್ಟರ್ ನೋಡಲೇಬೇಕು ಅನ್ನುವ ನಿಯಮ ಎಲ್ಲೂ ಇಲ್ಲ. ನಾವು ಅದನ್ನು ಅವರ ಮೇಜಿನ ಮೇಲೆ ಇಟ್ಟು, ನೋಡಿ ಸಾರ್ ಅಂತ ಕೇಳುತ್ತೇವೆ.